ಚಿತ್ರಕ್ಕೂ ಧ್ವನಿಗೂ ಒಂದೇ ಗಡಿಯಾರ



2020ರಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದ್ದುವು. ಆಗ ನಾವು ವಿಕ್ರೋಳಿಯ ನಮ್ಮ ಚಿಕ್ಕ ಕೋಣೆಯಲ್ಲಿ ಕುಳಿತು ಮೊಬೈಲಿನ ಮೂಲಕ ವ್ಯಾಕರಣ ಪಾಠವನ್ನು ಹೇಳುತ್ತಿದ್ದೆವು. ಒಬ್ಬ ಬಾಲಕಿಯ ಉತ್ತರವು ಯಾವಾಗಲೂ ತಡವಾಗಿ ಬರುತ್ತಿತ್ತು. ಅಷ್ಟರಲ್ಲಿ ನಾವು ಮುಂದಿನವರನ್ನು ಕರೆದುಬಿಡುತ್ತಿದ್ದೆವು. “ಪಾಠದಲ್ಲಿ ಲಕ್ಷ್ಯವಿಲ್ಲ” ಎಂದು ಅವಳನ್ನು ಎಲ್ಲರೆದುರಿಗೆ ಗದರಿಸಿದ್ದೂ ಉಂಟು. ಮರುದಿನದಿಂದ ಅವಳು ಉತ್ತರ ಹೇಳುವುದನ್ನೇ ನಿಲ್ಲಿಸಿದಳು. ತಪ್ಪು ಯಾರದೆಂದು ವಿಚಾರಿಸುತ್ತ ಹೋದಾಗ ನಾವು ಕಲಿತುದನ್ನು ಇಲ್ಲಿ ನಿಮಗೆ ತಿಳಿಸುವೆವು.

ಭಾಂಡೂಪಿನಲ್ಲಿ ಶುದ್ಧವಾದ ನೀರು ಕೊಳವೆಗಳಲ್ಲಿ ಹರಿದು ನಗರಕ್ಕೆ ಬರುವುದಷ್ಟೆ. ಅದರಂತೆಯೇ ಚಿತ್ರವೂ ಧ್ವನಿಯೂ ಸಾಫ್ಟ್‌ವೇರಿನೊಳಗೆ ಒಂದು ಸಾಲಿನಲ್ಲಿ ಹರಿಯುತ್ತವೆ. ಒಂದು ಘಟಕವು ಅವುಗಳನ್ನು ಸೆರೆಹಿಡಿಯುವುದು, ಇನ್ನೊಂದು ಸಂಕುಚಿತಗೊಳಿಸುವುದು, ಮತ್ತೊಂದು ಬಿಡಿಸುವುದು, ಕೊನೆಯದು ತೋರಿಸುವುದು, ಇಲ್ಲವೆ ನುಡಿಸುವುದು. ಇಂತಹ ಸಾಲಿಗೆ ಪೈಪ್‌ಲೈನ್ ಎಂದು ಹೆಸರು. 1999ರಲ್ಲಿ ಎರಿಕ್ ವಾಲ್ಥಿನ್ಸೆನ್ ಎಂಬವರು ಆರಂಭಿಸಿದ ಜಿಸ್ಟ್ರೀಮರ್ ಎಂಬ ಮುಕ್ತ ಸಾಫ್ಟ್‌ವೇರು ಈ ಬಗೆಯದು. ಅದರ ಕ್ರಮವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುವೆವು.

ಮೊದಲನೆಯದು ಗಡಿಯಾರ. 1906ರ ಜನವರಿ 1ರಂದು ಭಾರತೀಯ ಪ್ರಮಾಣ ಕಾಲವು ಜಾರಿಗೆ ಬಂದಿತಾದರೂ ನಮ್ಮ ಮುಂಬಯಿಯಲ್ಲಿ ಹಳೆಯ ‘ಬಾಂಬೆ ಟೈಮ್’ 1955ರವರೆಗೂ ಉಳಿದಿತ್ತು. ಇವೆರಡರ ಅಂತರವು 39 ನಿಮಿಷ. ಒಂದೇ ಊರಿನಲ್ಲಿ ಎರಡು ಕಾಲಗಳಿದ್ದರೆ ‘ಎಂಟು ಗಂಟೆಗೆ ಬಾ’ ಎಂಬ ಮಾತಿಗೆ ಅರ್ಥವೇನು? ಯಂತ್ರದೊಳಗೂ ಇದೇ ತೊಡಕು. ಧ್ವನಿಯ ಭಾಗಕ್ಕೊಂದು, ಚಿತ್ರದ ಭಾಗಕ್ಕೊಂದು ಸ್ಫಟಿಕ ಗಡಿಯಾರವಿದ್ದು, ಅವು ಹತ್ತು ಲಕ್ಷದಲ್ಲಿ 50 ಪಾಲಿನಷ್ಟು ಮಾತ್ರ ವ್ಯತ್ಯಾಸದಿಂದ ನಡೆಯುತ್ತವೆನ್ನೋಣ. ಒಂದು ಗಂಟೆಯಲ್ಲಿ 3600 ಸೆಕೆಂಡುಗಳು. ಗುಣಿಸಿದರೆ ಅಂತರವು 0.18 ಸೆಕೆಂಡು, ಅಂದರೆ 180 ಮಿಲಿಸೆಕೆಂಡು ಆಗುವುದು.

ಇದು ಅಲ್ಪವೆಂದು ತಿಳಿಯಬೇಡಿರಿ. ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ, ಇಲ್ಲವೆ 125 ಮಿಲಿಸೆಕೆಂಡು ಹಿಂದಾದರೆ ನೋಡುವವರಿಗೆ ಅದು ಗೊತ್ತಾಗುವುದೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಹಿಂದಾದುದನ್ನು ನಾವು ಹೆಚ್ಚು ಸಹಿಸುವೆವು. ಏಕೆಂದರೆ ನಿಸರ್ಗದಲ್ಲಿಯೂ ಧ್ವನಿಯು ಬೆಳಕಿನ ಹಿಂದೆಯೇ ಬರುವುದು. ಮೈದಾನದಲ್ಲಿ 34 ಮೀಟರು ದೂರದ ಬ್ಯಾಟಿನ ಸದ್ದು ಕಿವಿಗೆ ತಲಪಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು.

ಆದುದರಿಂದ ಇಡೀ ಪೈಪ್‌ಲೈನಿಗೆ ಒಂದೇ ಗಡಿಯಾರವನ್ನು ಆರಿಸತಕ್ಕದ್ದು. ಹಾಡು, ಚಲನಚಿತ್ರಗಳನ್ನು ನುಡಿಸುವಾಗ ಸಾಮಾನ್ಯವಾಗಿ ಧ್ವನಿಯ ಘಟಕದ ಗಡಿಯಾರವೇ ಯಜಮಾನ. ಚಿತ್ರವೊಂದು ಕ್ಷಣಕಾಲ ನಿಂತರೆ ಕಣ್ಣು ಕ್ಷಮಿಸುವುದು. ಧ್ವನಿ ತುಂಡಾದರೆ ಕಿವಿ ಕ್ಷಮಿಸದು. ಆಟ ಆರಂಭವಾದಾಗ ಗಡಿಯಾರವು 1000 ಸೆಕೆಂಡು ತೋರಿಸುತ್ತಿದ್ದರೆ ಅದು ಮೂಲಕಾಲ. ಅದೇ ಗಡಿಯಾರವು 1012 ತೋರಿಸಿದಾಗ ನಡೆದ ಕಾಲವು 12 ಸೆಕೆಂಡು. ಆಗ 12ರ ಮುದ್ರೆಯಿರುವ ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಹೊರಗೆ ಬಿಡಬೇಕು.

ಎರಡನೆಯದು ವಿಳಂಬ. ನಾವು ಪ್ರವಾಸಕ್ಕೆ ಹೊರಟಿದ್ದೇವೆನ್ನಿರಿ. ವಿಕ್ರೋಳಿ ಸ್ಟೇಷನ್ನಿಗೆ ಒಂದು ತಂಡವು 10 ನಿಮಿಷದಲ್ಲಿ ಬರುವುದು, ಕನ್ನಮ್ವಾರ್ ನಗರದ ತಂಡಕ್ಕೆ 20 ನಿಮಿಷ ಬೇಕು. ಎಲ್ಲರೂ ಒಂದೇ ಗಾಡಿಯನ್ನು ಹತ್ತಬೇಕಾದರೆ 20 ನಿಮಿಷವನ್ನೇ ಲೆಕ್ಕಕ್ಕೆ ಹಿಡಿಯಬೇಕಲ್ಲವೆ? ನೇರ ಪ್ರಸಾರದಲ್ಲಿ ಧ್ವನಿಯ ದಾರಿಗೆ 20, ಚಿತ್ರದ ದಾರಿಗೆ 60 ಮಿಲಿಸೆಕೆಂಡು ಬೇಕಾದರೆ ಪೈಪ್‌ಲೈನು ದೊಡ್ಡದಾದ 60ನ್ನೇ ಆರಿಸಿ ಎರಡೂ ಕೊನೆಗಳಿಗೆ ತಿಳಿಸುವುದು. ಧ್ವನಿಯು ಮೊದಲೇ ಬಂದರೂ ಕಾದು ನಿಲ್ಲುವುದು. ಆ ಅವಧಿಯನ್ನೂ ಮೀರಿ ಬಂದ ಚಿತ್ರವನ್ನು ಕೈಬಿಡುವರು. ಲೋಕಲ್ ಗಾಡಿಯು ಯಾರಿಗಾಗಿಯೂ ಕಾಯದಷ್ಟೆ.

ಹಾಗಾದರೆ ಬಹಳ ಕಾಲ ಕಾದರೆ ಏನೂ ಕೈಬಿಡಬೇಕಾಗದಲ್ಲ ಎಂದು ನೀವು ಕೇಳಬಹುದು. ಕ್ರಿಕೆಟ್ ನೋಡುವಾಗ ಕೆಲವು ಸೆಕೆಂಡು ತಡವಾದರೆ ಬಾಧಕವಿಲ್ಲ. ಪಕ್ಕದ ಮನೆಯ ಚಪ್ಪಾಳೆ ಮೊದಲು ಕೇಳಿಸೀತು, ಅಷ್ಟೆ. ಸಂಭಾಷಣೆಗೆ ಅದು ಸಲ್ಲದು. ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತುಕತೆ ಸಲೀಸಾಗಿ ನಡೆಯುವುದೆಂದು ಮೇಲೆ ಹೇಳಿದ ಒಕ್ಕೂಟವೇ ಸೂಚಿಸಿದೆ.

ಮೂರನೆಯದು ಸಂದೇಶ. ಘಟಕಗಳು ತಮ್ಮ ಕೆಲಸದಲ್ಲಿ ಮಗ್ನವಾಗಿರುವಾಗ ಸುದ್ದಿ ಹೇಳಲು ಹರಿವನ್ನು ನಿಲ್ಲಿಸಕೂಡದು. ತರಗತಿಯ ಮುಖಂಡನು ಚೀಟಿಯನ್ನು ಗುರುಗಳ ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಮರಳುವಂತೆ, ಅವು ‘ಬಸ್’ ಎಂಬ ಸಾಲಿನಲ್ಲಿ ಸಂದೇಶವನ್ನು ಇಟ್ಟು ಮುಂದುವರಿಯುತ್ತವೆ. ಮುಖ್ಯ ಕಾರ್ಯಕ್ರಮವು ಅದನ್ನು ಓದಿಕೊಳ್ಳುವುದು. ‘ಪ್ರವಾಹ ಮುಗಿಯಿತು’, ‘ದೋಷ ಉಂಟಾಯಿತು’, ‘ವಿಳಂಬ ಬದಲಾಯಿತು’, ‘ಗಡಿಯಾರ ಹೋಯಿತು’ ಎಂಬವು ಮುಖ್ಯ ಸಂದೇಶಗಳು. ವಿಳಂಬ ಬದಲಾದರೆ ಹೊಸದಾಗಿ ಲೆಕ್ಕ ಹಾಕಬೇಕು. ಗಡಿಯಾರ ಹೋದರೆ ಆಟವನ್ನು ತಡೆದು, ಹೊಸ ಗಡಿಯಾರವನ್ನು ಆರಿಸಿ, ಪುನಃ ನಡೆಸಬೇಕು. ಚೀಟಿಯನ್ನು ಓದದ ಗುರುವಿನ ತರಗತಿಯಂತೆ, ಸಂದೇಶವನ್ನು ಓದದ ಕಾರ್ಯಕ್ರಮವೂ ಕೆಡುವುದು.

ಆ ಬಾಲಕಿಯ ಮನೆಯಲ್ಲಿ ನಾಲ್ವರಿಗೆ ಒಂದೇ ಫೋನು, ಸಂಪರ್ಕವೂ ದುರ್ಬಲ. ನಮ್ಮ ಪ್ರಶ್ನೆ ಅವಳಿಗೆ ತಡವಾಗಿ ಮುಟ್ಟುತ್ತಿತ್ತು. ಅವಳ ಉತ್ತರ ನಮಗೆ ಇನ್ನೂ ತಡವಾಗಿ. ಎರಡು ದಾರಿಗಳ ವಿಳಂಬವನ್ನು ನಾವು ಒಬ್ಬಳ ಆಲಸ್ಯವೆಂದು ಎಣಿಸಿದ್ದೆವು. ಎಲ್ಲರೆದುರಿಗೆ ಗದರಿಸಿದ್ದರಿಂದ ಎಲ್ಲರೆದುರಿಗೇ ತಪ್ಪನ್ನು ಒಪ್ಪಿಕೊಂಡೆವು. ಅಂದಿನಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಅನಂತರವೇ ಇನ್ನೊಬ್ಬರ ಹೆಸರನ್ನು ಕರೆಯುವ ರೂಢಿಯನ್ನು ಇಟ್ಟುಕೊಂಡೆವು. ಒಂದು ವಾರದ ಬಳಿಕ ಅವಳ ಉತ್ತರವು ಪುನಃ ಕೇಳಿಸಿತು. ಅದು ಸರಿಯಾಗಿಯೂ ಇತ್ತು.

ಶಾಲೆ ತೆರೆದು ವರ್ಷಗಳಾದುವು. ಎದುರಿಗೆ ಕುಳಿತ ಮಕ್ಕಳಿಗೂ ನಾವು ಇಂದಿಗೂ ಐದರವರೆಗೆ ಎಣಿಸುತ್ತೇವೆ.