ಕೊಳೆಯ ಗುಣ ನೋಡಿ ಮದ್ದು

1. ಮೊದಲು ಕೊಳೆ ಯಾವುದೆಂದು ತಿಳಿಯಿರಿ. ಬಚ್ಚಲುಮನೆಯ ನಲ್ಲಿಯ ಮೇಲಿನ ಬಿಳಿ ಕರೆ ಬೋರ್‌ವೆಲ್ ನೀರಿನ ಸುಣ್ಣ. ಅದು ಹುಳಿಗೆ ಮಾತ್ರ ಬಗ್ಗುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ, ಬಟ್ಟೆ ಅದ್ದಿ ನಲ್ಲಿಗೆ ಸುತ್ತಿಡಿ. ಅರ್ಧ ಗಂಟೆ ಬಿಟ್ಟು ಉಜ್ಜಿ. ಒಲೆಯ ಹಿಂದಿನ ಟೈಲ್ಸ್ ಜಿಡ್ಡಿಗೆ ಹುಳಿ ನಾಟುವುದಿಲ್ಲ, ಅಲ್ಲಿಗೆ ವಾಷಿಂಗ್ ಸೋಡಾ. ಇಷ್ಟು ಗೊತ್ತಾದರೆ ಒಂದೊಂದು ಮೂಲೆಗೂ ಒಂದೊಂದು ಬಾಟಲಿ ಕೊಳ್ಳುವ ಚಟ ತಾನಾಗಿ ಬಿಡುತ್ತದೆ.

2. ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್ ನೆಲಕ್ಕೆ ಹುಳಿ ಸೋಕಿಸಬೇಡಿ. ಅವುಗಳಲ್ಲಿರುವುದೂ ಸುಣ್ಣದಂಶವೇ. ಆಸಿಡ್ ಆಗಲಿ ನಿಂಬೆರಸವಾಗಲಿ, ಬಿದ್ದ ಕಡೆ ಹೊಳಪು ಹೋಗುತ್ತದೆ.

3. ನನ್ನ ಮೆಚ್ಚಿನದು ಅಂಟುವಾಳ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಅದೇ ನೀರಿನಲ್ಲಿ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ. ಸಿಪ್ಪೆಯ ಸಪೋನಿನ್ ಜಿಡ್ಡು ಬಿಡಿಸುತ್ತದೆ. ಸೋಪಿನ ಹಾಗೆ ಗಡಸು ನೀರಿನಲ್ಲಿ ಬಿಳಿ ಗಸಿ ಕಟ್ಟುವುದಿಲ್ಲ. ಪಾತ್ರೆ, ರೇಷ್ಮೆ ಸೀರೆ, ಬೆಳ್ಳಿ ಕಾಲುಚೈನು ಎಲ್ಲಕ್ಕೂ ನಡೆಯುತ್ತದೆ. “ಅಕ್ಕಾ, ಇದ್ರಲ್ಲಿ ನೊರೆನೇ ಬರಲ್ವಲ್ಲ” ಎಂಬ ಗೊಣಗಾಟ ಮನೆಗೆಲಸದವರಿಂದ ಖಂಡಿತ ಬರುತ್ತದೆ. ನೊರೆ ಕಂಡರೇ ಕೊಳೆ ಹೋಯಿತೆಂಬ ನಂಬಿಕೆಯನ್ನು ನಮ್ಮೆಲ್ಲರ ತಲೆಗೆ ತುಂಬಿದ್ದು ಜಾಹೀರಾತು. ಸೋಸಿದ ಅಂಟುವಾಳದ ನೀರು ಹೊರಗಿಟ್ಟರೆ ಬೇಗ ಹಳಸುತ್ತದೆ, ಫ್ರಿಜ್ಜಿನಲ್ಲಿಡಿ. ಬಾಟಲಿಯ ಮೇಲೆ ಹೆಸರು ಬರೆಯುವುದು ಮುಖ್ಯ: ನೋಡಲು ಪಾನಕದ ಬಣ್ಣ, ಕಣ್ಣಿಗೆ ಹಾರಿದರೆ ವಿಪರೀತ ಉರಿ.

4. ಹಿತ್ತಾಳೆಗೆ ಹುಣಸೆಹಣ್ಣು, ಚಿಟಿಕೆ ಉಪ್ಪು. ಅಜ್ಜಿಯರಿಗೆ ಗೊತ್ತಿದ್ದುದೇ.

5. ಬಯೋ ಎಂಜೈಮ್‌ಗೆ ಒಂದು ಪಾಲು ಬೆಲ್ಲ, ಮೂರು ಪಾಲು ಕಿತ್ತಳೆ, ನಿಂಬೆ, ಮೂಸಂಬಿ ಸಿಪ್ಪೆ, ಹತ್ತು ಪಾಲು ನೀರು. ಹುದುಗಲು ಮೂರು ತಿಂಗಳ ಕಾಯುವಿಕೆ. ಗಾಜಿನ ಬಾಟಲಿ ಬೇಡವೇ ಬೇಡ. ಗ್ಯಾಸ್ ತುಂಬಿ ಒಡೆಯಬಹುದು. ಪ್ಲಾಸ್ಟಿಕ್ ಡಬ್ಬಿಯಾದರೂ ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಬೇಕು. ನೀರು ಬೆರೆಸಿ ಟೈಲ್ಸ್ ಒರೆಸಲು ಚೆನ್ನ. ಇದೂ ಹುಳಿಯೇ, ಹಾಗಾಗಿ ಎರಡನೇ ಮಾತು ಇದಕ್ಕೂ ಅನ್ವಯ.

6. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಬುರುಗೆಬ್ಬಿಸುವ ವಿಡಿಯೊಗಳನ್ನು ನೋಡಿ ಆನಂದಿಸಿ, ಅಷ್ಟೆ. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದುಹಾಕಿ ಉಳಿಯುವುದು ಸಪ್ಪೆ ನೀರು. ಬೇರೆಬೇರೆಯಾಗಿ ಬಳಸಿದರೇ ಎರಡಕ್ಕೂ ಕಸುವು.

7. ಬ್ಲೀಚಿಂಗ್ ಪುಡಿಯನ್ನು ನಾನು ಪೂರಾ ಬಿಟ್ಟಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ ಅಂಟುವಾಳವನ್ನೋ ಬಯೋ ಎಂಜೈಮನ್ನೋ ನಂಬಿ ಕೂರುವಂತಿಲ್ಲ. ಆದರೆ ಬ್ಲೀಚಿಂಗ್ ಪುಡಿಯನ್ನು ಒಂಟಿಯಾಗಿ ಬಳಸಿ, ಕಿಟಕಿ ತೆರೆದಿಡಿ. ಆಸಿಡ್ ಜೊತೆ ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಉಸಿರು ಕಟ್ಟಿಸುವ ವಿಷ. ವಿನೆಗರ್, ನಿಂಬೆ ಉಪ್ಪು ಸೇರಿದರೂ ಅದೇ ಕತೆ. ಹಿಂದಿನ ದಿನ ನಿಂಬೆ ಉಪ್ಪು ಹಾಕಿದ್ದ ಕಮೋಡಿಗೆ ಬ್ಲೀಚ್ ಸುರಿಯುವ ಮುನ್ನ ಒಮ್ಮೆ ಚೆನ್ನಾಗಿ ನೀರು ಹಾಯಿಸಿ.