ಯಾರಿಗೆ, ಎಷ್ಟು ಹೇಳಬೇಕು?

ಪ್ರಶ್ನೆ: ಪತಿಗೆ ಖಿನ್ನತೆಯ ಚಿಕಿತ್ಸೆ ನಡೆಯುತ್ತಿದೆ. ಊರಲ್ಲಿ ಗೊತ್ತಾದರೆ ನಾದಿನಿಯ ಸಂಬಂಧ ಮುರಿಯುತ್ತದೆಂದು ಅತ್ತೆ ಯಾರಿಗೂ ಹೇಳಗೊಡುತ್ತಿಲ್ಲ. ನನಗೆ ಉಸಿರು ಕಟ್ಟಿದಂತಾಗಿದೆ.
– ಓದುಗರು, ವರ್ತಕ ನಗರ, ಥಾಣೆ

ಉತ್ತರ: ಎಲ್ಲರಿಗೂ ಹೇಳಬೇಕಿಲ್ಲ. ಯಾರಿಗೂ ಹೇಳದಿದ್ದರೆ ಮಾತ್ರ ನೀವೇ ಕುಸಿಯುತ್ತೀರಿ. ಮೊದಲು ಪತಿಯ ಒಪ್ಪಿಗೆ ಕೇಳಿ. ಕಾಯಿಲೆ ಅವರದು, ಹೇಳುವ ಹಕ್ಕೂ ಅವರದೇ. ಆಮೇಲೆ ನಂಬಿಕೆಯ ಒಬ್ಬರಿಗೆ, ‘ಇವರಿಗೆ ಖಿನ್ನತೆ, ಮಾತ್ರೆ ನಡೆಯುತ್ತಿದೆ’ ಎಂದಷ್ಟೇ ಹೇಳಿ. ಪತಿ ಒಪ್ಪಿದರೆ ಮುಂದಿನ ಭೇಟಿಗೆ ಅತ್ತೆಯವರನ್ನೂ ಕರೆದೊಯ್ಯಿರಿ. ಸೊಸೆ ಹೇಳಿದ್ದಕ್ಕಿಂತ ವೈದ್ಯರು ಹೇಳಿದ್ದು ಬೇಗ ನಾಟುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಚಿಕಿತ್ಸೆಯ ವಿವರ ಗೋಪ್ಯವೆಂದೂ ಅತ್ತೆಯವರಿಗೆ ತಿಳಿಸಿ. ನಿಮ್ಮ ಮನಸ್ಸು ಹಗುರಾಗಲು 14416ಕ್ಕೆ (ಟೆಲಿ ಮಾನಸ್) ಕರೆಮಾಡಿ, ಉಚಿತ, ಕನ್ನಡ ಆರಿಸಿಕೊಳ್ಳಬಹುದು. ಪತಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಪತಿ ಸಾವಿನ ಮಾತಾಡಿದರೆ ಒಂಟಿಯಾಗಿ ಬಿಡದೆ ಆಗಲೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಪ್ರಾದೇಶಿಕ ಮನೋರುಗ್ಣಾಲಯ ಥಾಣೆಯಲ್ಲೇ ಇದೆ.