ಅರಿಯೆನೆಂಬವನೂ ಇಲ್ಲವೆಂಬವನೂ

ದೇವರ ವಿಷಯವಾಗಿ ಒಬ್ಬನು ಸಂದೇಹದ ಮಾತನ್ನಾಡಿದ ಕೂಡಲೆ ಅವನಿಗೆ ನಾಸ್ತಿಕನೆಂಬ ಹೆಸರನ್ನಿಡುವದು ನಮ್ಮ ಸಭೆಗಳಲ್ಲಿ ವಾಡಿಕೆಯಾಗಿದೆ. ಪಟ್ಟಣದ ಕಾಲೇಜಿನಿಂದ ರಜೆಗೆ ಬಂದ ಹುಡುಗನು, “ದೇವರಿದ್ದಾನೋ ಇಲ್ಲವೋ ನಾನರಿಯೆ” ಅಂದರೆ ಸಾಕು, ಹಿರಿಯರು ಮುಖ ತಿರುಗಿಸುತ್ತಾರೆ, ತಾಯಿ ಅಳುತ್ತಾಳೆ. ಆದರೆ ಅರಿಯೆನೆಂಬದೂ ಇಲ್ಲವೆಂಬದೂ ಒಂದೇ ಮಾತೋ? ಇದನ್ನು ಈ ಪಾಠದಲ್ಲಿ ವಿಚಾರಿಸುವೆವು.

ನಾಸ್ತಿಕನೆಂಬ ಪದವು ಹಿಂದಿನಿಂದಲೂ ಎಚ್ಚರವಿಲ್ಲದೆ ಎಸೆಯಲ್ಪಟ್ಟ ಕಲ್ಲು. ಮನುಸ್ಮೃತಿಯು ವೇದನಿಂದಕನನ್ನು ನಾಸ್ತಿಕನೆಂದು ಕರೆಯಿತು. ಆ ಲೆಕ್ಕದಿಂದ ಜೈನರೂ ಬೌದ್ಧರೂ ನಾಸ್ತಿಕರ ಪಂಕ್ತಿಗೆ ಸೇರಿದರು. ಲೋಕಕರ್ತನನ್ನು ಹೇಳದ ಸಾಂಖ್ಯರಾದರೋ ಆಸ್ತಿಕರಾಗಿಯೇ ಉಳಿದರು. ಎರಡನೆಯ ಶತಮಾನದಲ್ಲಿ ಸ್ಮುರ್ನದ ಜನರು ವೃದ್ಧನಾದ ಪೊಲಿಕಾರ್ಪನನ್ನು ಕೊಲ್ಲಿಸಿದಾಗ ಕ್ರೈಸ್ತರ ಮೇಲೆ ಹೊರಿಸಿದ ದೂರು ಸಹ ಇದೇ: ಇವರು ದೇವರುಗಳನ್ನು ಒಪ್ಪದವರು!

ಅಜ್ಞೇಯವಾದಿ ಎಂದು ನಾವೀಗ ಕನ್ನಡಿಸುವ ಇಂಗ್ಲಿಷ್ ಪದವನ್ನು 1869ರಲ್ಲಿ ಹುಟ್ಟಿಸಿದವನು ತೋಮಸ್ ಹೆನ್ರಿ ಹಕ್ಸ್ಲಿ ಎಂಬ ಜೀವಶಾಸ್ತ್ರಜ್ಞನು. ಅಥೇನೆ ಪಟ್ಟಣದಲ್ಲಿ ಪೌಲನು ಕಂಡ, ತಿಳಿಯದ ದೇವರ ಬಲಿಪೀಠದಿಂದ ಅವನು ಅದನ್ನು ತೆಗೆದನೆಂದು ಅವನ ಪರಿಚಯಸ್ಥನೊಬ್ಬನು ಬರೆದಿದ್ದಾನೆ. ಹಕ್ಸ್ಲಿಯು ತಾನೇ 1889ರಲ್ಲಿ ಕೊಟ್ಟ ವಿವರವು ಬೇರೆ. ಪೂರ್ವದ ಸಭೆಯಲ್ಲಿ ಗೂಢಜ್ಞಾನವು ತಮಗುಂಟೆಂದು ಹೇಳಿಕೊಂಡ ಪಂಗಡದವರಿಗೆ ಎದುರಾಗಿ, ತಿಳಿಯದವನೆಂಬ ಹೆಸರನ್ನು ಅವನು ಆರಿಸಿಕೊಂಡನಂತೆ. ಸಾಕ್ಷ್ಯವಿಲ್ಲದೆ ನಿಶ್ಚಯವಾಗಿ ಮಾತಾಡಬಾರದೆಂಬದು ಅವನ ನಿಯಮ. ಈ ನಿಯಮವು ಭಕ್ತನ ಬಾಯಿಗೆ ಮಾತ್ರವಲ್ಲ, ದೇವರಿಲ್ಲವೆಂದು ಸಾಧಿಸುವವನ ಬಾಯಿಗೂ ಕಡಿವಾಣವೇ. ಡಾರ್ವಿನನೂ 1879ರ ಒಂದು ಕಾಗದದಲ್ಲಿ, ತಾನು ದೇವರನ್ನು ಅಲ್ಲಗಳೆಯುವವನಾಗಿ ಎಂದೂ ಇರಲಿಲ್ಲವೆಂದೂ ಹಕ್ಸ್ಲಿಯ ಪದವೇ ತನಗೆ ಹೆಚ್ಚಾಗಿ ಒಪ್ಪುವದೆಂದೂ ತಿಳಿಸಿದನು.

ಆದರೆ ಗೆರೆಯು ನಾವು ನೆನಸುವಷ್ಟು ನೇರವಾಗಿಲ್ಲ. ನಾಸ್ತಿಕನೆಂದು ಬಹಿರಂಗವಾಗಿ ಹೇಳಿಕೊಂಡ ಚಾರ್ಲ್ಸ್ ಬ್ರಾಡ್ಲಾನು 1880ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆರಿಸಲ್ಪಟ್ಟು, ಪ್ರಮಾಣವಚನದ ಜಗಳದಿಂದ 1886ರ ವರೆಗೆ ತನ್ನ ಸ್ಥಾನವನ್ನು ಭದ್ರವಾಗಿ ಹೊಂದದೆ ಹೋದನು. ಅವನು ಸಹ ದೇವರಿಲ್ಲವೆಂದು ಸಾಧಿಸಲಿಲ್ಲ. ದೇವರೆಂಬ ಮಾತಿನಿಂದ ತನಗೆ ಯಾವ ಸ್ಪಷ್ಟಾರ್ಥವೂ ತೋರುವದಿಲ್ಲವೆಂದನು. ಆದದರಿಂದ ಇಲ್ಲಿ ಪ್ರಶ್ನೆಗಳು ಎರಡು. ನೀನು ಬಲ್ಲೆಯಾ ಎಂಬದೊಂದು, ನೀನು ನಂಬುತ್ತೀಯಾ ಎಂಬದಿನ್ನೊಂದು. ಅರಿಯೆನೆಂದು ನಂಬದೆ ಹೋಗುವವನುಂಟು. ಅರಿಯೆನೆಂದು ಹೇಳುತ್ತಲೇ ಮೊಣಕಾಲೂರುವವನೂ ಉಂಟು. ಮಾರ್ಕನ 9ನೆಯ ಅಧ್ಯಾಯದಲ್ಲಿ ರೋಗಿಯಾದ ಹುಡುಗನ ತಂದೆಯು ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸುರಿನಲ್ಲಿ ಅರಿಕೆಮಾಡಿದನು. ಯೇಸುವು ಅವನನ್ನು ಗದರಿಸಿ ಕಳುಹಿಸಲಿಲ್ಲ, ಮಗನನ್ನು ಗುಣಪಡಿಸಿದನು.

ಹಕ್ಸ್ಲಿಯ ಹಿರೀ ಮಗನು 1860ರ ಸೆಪ್ಟೆಂಬರಿನಲ್ಲಿ, ನಾಲ್ಕು ವರುಷ ತುಂಬುವದಕ್ಕೆ ಮುಂಚೆಯೇ, ಕೆಂಪು ಜ್ವರದಿಂದ ತೀರಿಹೋದನು. ಆಗ ಚಾರ್ಲ್ಸ್ ಕಿಂಗ್ಸ್ಲಿ ಎಂಬ ಪಾದ್ರಿಯು ಅವನಿಗೆ ಸಂತೈಸುವ ಕಾಗದವನ್ನು ಬರೆದನು. ಹಕ್ಸ್ಲಿಯು ದೀರ್ಘವಾಗಿ ಉತ್ತರ ಕೊಟ್ಟನು: ಮರಣದಾಚೆಯ ಜೀವವನ್ನು ತಾನು ಸ್ಥಾಪಿಸುವವನೂ ಅಲ್ಲ, ಅಲ್ಲಗಳೆಯುವವನೂ ಅಲ್ಲ, ಬೇಕೆಂಬ ಆಶೆಯಿಂದಲೇ ಒಂದನ್ನು ಸತ್ಯವೆಂದು ಹಿಡಿಯಲಾರೆನು. ಮಗುವನ್ನು ಮಣ್ಣಿಗೆ ಕೊಟ್ಟು ಒಂದು ವಾರವಾಗಿದ್ದಾಗ ಈ ಮಾತನ್ನು ಬರೆಯುವದು ಹಗುರವಾದ ಮನಸ್ಸಿನ ಕೆಲಸವಲ್ಲ. ಅವನ ತೀರ್ಮಾನವನ್ನು ನಾವು ಒಪ್ಪುವದಿಲ್ಲ. ಅವನು ಸುಳ್ಳಾಡಲಿಲ್ಲವೆಂಬದನ್ನು ಒಪ್ಪುತ್ತೇವೆ. ಕಿಂಗ್ಸ್ಲಿಯು ಅವನ ಸ್ನೇಹವನ್ನು ಬಿಡಲಿಲ್ಲ.

ರಜೆಗೆ ಬಂದ ಆ ಹುಡುಗನನ್ನು ಈ ಪಾಠದ ದಿವಸ ಕೂಟಕ್ಕೆ ಕರೆಯಿರಿ. ಅವನೇ ಮಾರ್ಕನ ಆ ಅಧ್ಯಾಯವನ್ನು ಗಟ್ಟಿಯಾಗಿ ಓದಲಿ.